ಟಂಟಂ ಮೇಲಿನ ಹಂಚು

ನನ್ನ ರೇಡಿಯೋ ಸೆಟ್ಟಿನ ಆಂಟೆನಾದ ಬುಡದಲ್ಲಿ ಅಯಸ್ಕಾಂತ ಇರುತ್ತದೆ. ವಾಹನದ ತಗಡಿನ ಮೇಲೆ ಇಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ನಾನು ಅದನ್ನು ನಮ್ಮಣ್ಣ ದುರುಗೇಶನ ಟಂಟಂ ಮೇಲೆ ಇಟ್ಟೆ. ಅದು ಜಾರಿ ಕೆಳಗೆ ಬಿತ್ತು. ಟಂಟಂನ ಮೇಲುಹೊದಿಕೆ ರೆಕ್ಸಿನ್‌ದು. ಈ ಮೂರು ಗಾಲಿಯ ಗಾಡಿಯನ್ನು ನಾನು ದಿನಾ ನೋಡುತ್ತೇನೆ, ವಾರಕ್ಕೊಮ್ಮೆ ತೊಳೆಯುವವಳೂ ನಾನೇ.

"ಪರೀಕ್ಷಾದಾಗ ಪಾಸಾಗೀನಿ ಅಂದಿದ್ದಿ," ಎಂದ ಅಣ್ಣ.

ಪಾಸಾಗಿದ್ದೆ. ಹ್ಯಾಮ್ ರೇಡಿಯೋ ಎಂದರೆ ಸೆಟ್ಟು ಇಟ್ಟುಕೊಂಡು ದೂರದವರ ಜೊತೆ ಮಾತಾಡುವ ಹವ್ಯಾಸ; ಅದರ ಪರೀಕ್ಷೆಗೆ ಶಾಲೆಯ ಸರ್ಟಿಫಿಕೇಟು ಕೇಳುವುದಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ನಾನು ಮೊಬೈಲಿನಲ್ಲಿ ನೋಡಿಕೊಂಡು ಓದಿ ಪರೀಕ್ಷೆ ಬರೆದೆ, ಲೈಸೆನ್ಸು ಬಂತು. ಆದರೆ ಬಳಗಾನೂರಿನ ನಮ್ಮ ಮನೆ ತಗ್ಗಿನಲ್ಲಿದೆ. ಸೆಟ್ಟಿನಲ್ಲಿ ಬರೀ ಗೊರಗೊರ ಸದ್ದು. ಲಿಂಗಸುಗೂರಿನಲ್ಲಿ ಕರಿಬಸಯ್ಯ ಎನ್ನುವವರು ದಿನಾ ಬೆಳಿಗ್ಗೆ ಸೆಟ್ಟು ಹಚ್ಚಿಕೊಂಡು ಕೂತಿರುತ್ತಾರೆ ಎಂದು ವಾಟ್ಸಾಪ್ ಗುಂಪಿನಲ್ಲಿ ಓದಿದ್ದೆ. ಮಸ್ಕಿಯ ಈಚೆಗಿನ ಏರಿನ ಮೇಲೆ ಹೋದರೆ ಅವರು ಸೆಟ್ಟಿನಲ್ಲಿ ಸಿಗಬಹುದಿತ್ತು. ನಮ್ಮ ಮನೆಯಿಂದ ದಿನಾ ಆ ಏರು ಹತ್ತುವುದು ಟಂಟಂ ಒಂದೇ.

"ಇದೊಂದ್ ಟ್ರಿಪ್ ನೋಡ್ತೀನಿ," ಎಂದಿದ್ದ ಅಣ್ಣ. "ಮಸ್ಕಿ ಮುಟ್ಟೂದ್ರೊಳಗ ಯಾರರ ನಿನಗ ಉತ್ತರ ಕೊಟ್ರ ಸೆಟ್ ಇರ್ಲಿ. ಇಲ್ಲಾಂದ್ರ ಬಿಚ್ಚಿ ಮಾರಿಬಿಡ್ತೀನಿ. ಮುಂದಿನ ಸೀಟಿನ್ಯಾಗ ನಿನ್ನ ಬದ್ಲಿ ಪ್ಯಾಸೆಂಜರ್ ಕುಂದರ್ತಾನ."

ಅವ್ವ ಒಳಗಿನಿಂದ ಅಂಚು ಸೀಳಿದ ರೊಟ್ಟಿ ಹಂಚು ತಂದು ಕೊಟ್ಟಳು. ಅದನ್ನು ಟಂಟಂ ಮೇಲೆ ಬೋರಲು ಹಾಕಿ ಹಗ್ಗದಿಂದ ಬಿಗಿದೆವು. ಅಯಸ್ಕಾಂತ ಅದಕ್ಕೆ ಕಚ್ಚಿಕೊಂಡಿತು. ಆಂಟೆನಾದ ಅಡಿಗೆ ಅಗಲವಾದ ಕಬ್ಬಿಣ ಇದ್ದರೆ ಒಳ್ಳೆಯದು ಎಂದು ನಾನೇ ಓದಿದ್ದೆ. ಸೆಟ್ಟನ್ನು ಮುಂದಿನ ಸೀಟಿನ ಎದುರಿಗೆ ಸ್ಕ್ರೂ ಹಾಕಿ ಕೂರಿಸಿ, ಗಾಡಿಯ ಬ್ಯಾಟರಿಯಿಂದ ಅದಕ್ಕೆ ನೇರ ವೈರು ಎಳೆದು, ನಡುವೆ ಫ್ಯೂಸು ಹಾಕಿದೆ.

ಸ್ಟ್ಯಾಂಡಿನಲ್ಲಿ ಬಸ್ಸಮ್ಮ ತರಕಾರಿ ಬುಟ್ಟಿ ಹಿಡಿದು ಹತ್ತಿದಳು. ಹತ್ತುವ ಮೊದಲು ಮೇಲೆ ನೋಡಿದಳು.

"ದುರುಗೇಶ, ಮ್ಯಾಲೆ ರೊಟ್ಟಿ ಬಡೀತಿಯೇನು?"

"ಬಿಸಲಿಗೆ ಬೇಯ್ತಾವ ಚಿಗವ್ವ. ಇಳಿಯೂದ್ರೊಳಗ ನಿನಗೊಂದ್ ಕೊಡ್ತೀನಿ."

ನಮ್ಮಣ್ಣ ಎದುರಿಗೆ ಬರುವ ಎಮ್ಮೆಗಳ ಜೊತೆಗೂ ಮಾತಾಡುತ್ತಾನೆ. ಲೈಸೆನ್ಸು ಅವನ ಹೆಸರಿನಲ್ಲಿದ್ದರೆ ಕೆಲಸ ಯಾವಾಗಲೋ ಮುಗಿಯುತ್ತಿತ್ತು. ಲೈಸೆನ್ಸು ನನ್ನದು. ಬಸ್ಸಿನಲ್ಲಿ "ಇಳೀತೀನಿ" ಎನ್ನಲಾಗದೆ ಮುಂದಿನ ಊರಿನವರೆಗೂ ಹೋಗಿ ನಡೆದು ಬಂದವಳು ನಾನು.

ಅಣ್ಣನ ಪಕ್ಕದಲ್ಲಿ ಕೂತು ಮೈಕಿನ ಗುಂಡಿ ಒತ್ತಿ, ಲೈಸೆನ್ಸಿನ ಜೊತೆ ಹೆಸರಿನ ಬದಲು ಕೊಟ್ಟಿದ್ದ ನನ್ನ ಕರೆಸಂಕೇತ ಹೇಳಿದೆ.

"ಯಾರಿಗೆ ಹೇಳಾಕತ್ತಿ?" ಎಂದ ಅಣ್ಣ. "ಬಾಜೂ ಕುಂತೀನಿ, ನನಗ ಕೇಳವಲ್ದು."

"ಜೋರ್ ಹೇಳಬೇ," ಎಂದಳು ಬಸ್ಸಮ್ಮ. "ಮೊದಲ ನಮಸ್ಕಾರ ಅನ್ನು."

"ಯಾರ ಮಗಳಂತ ಹೇಳು, ಗುರ್ತ ಹತ್ತತೈತಿ," ಎಂದರು ಹಿಂದೆ ಕೂತಿದ್ದ ಟೇಲರ್ ಅಲ್ಲಾಭಕ್ಷ್ ಚಾಚಾ.

ಮೂರು ಸಲ ಕರೆದೆ. ಯಾರೂ ಇಲ್ಲ. ಅಣ್ಣ ಸೆಟ್ಟಿನ ಸ್ಕ್ರೂಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಏರು ಹತ್ತುತ್ತಿದ್ದಂತೆ ಸೆಟ್ಟಿನೊಳಗೆ ಒಂದು ದನಿ ಬಂದ ಹಾಗಾಯಿತು. ಎಂಜಿನ್ನಿನ ಕೀರಲು ಅದನ್ನು ನುಂಗಿತು. ಆಕ್ಸಿಲರೇಟರ್ ತಿರುವಿದಷ್ಟೂ ಕೀರಲು ಏರುತ್ತಿತ್ತು. ಏರು ಮುಗಿದರೆ ಮಸ್ಕಿ.

"ಅಣ್ಣಾ, ಗಾಡಿ ಬಂದ್ ಮಾಡು."

ಅವನಿಗೆ ಕೇಳಲಿಲ್ಲ.

"ಗಾಡಿ ಬಂದ್ ಮಾಡು ಅಂದ್ನಿ."

ಮಾಡಿದ. ಟಂಟಂನಲ್ಲಿ ಎಲ್ಲರೂ ಸುಮ್ಮನಾದರು. ಇದನ್ನು ನಾನು ಹಿಂದೆ ಕಂಡಿರಲಿಲ್ಲ.

"ಕರಿಬಸಯ್ಯ, ಲಿಂಗಸುಗೂರು," ಎಂದಿತು ಸೆಟ್ಟು. "ಯಾರ್ ಕರದೋರು? ಇನ್ನೊಮ್ಮೆ ಹೇಳ್ರಿ."

ಗುಂಡಿ ಒತ್ತಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕೂತವರ ಉತ್ತರ ಹೋಯಿತು: ಬಳಗಾನೂರು, ಅಂಬಿಕಾ, ಯಂಕಮ್ಮನ ಮಗಳು, ನಮಸ್ಕಾರ್ರಿ. ಗುಂಡಿ ಬಿಟ್ಟೆ.

ಕರಿಬಸಯ್ಯ ಕೇಳಿದರು, "ಅಲ್ಲಿ ಲೈಸೆನ್ಸ್ ಇದ್ದೋರು ಎಷ್ಟ್ ಮಂದಿ ಅದೀರಿ?"

"ಒಬ್ಬಾಕಿರೀ," ಎಂದೆ. "ಉಳಿದೋರು ಮಸ್ಕಿಗೆ ಹೊಂಟೋರು."

ಕರೆಸಂಕೇತವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಅವರು ಅದನ್ನು ತಿರುಗಿ ಹೇಳಿದರು. ತಪ್ಪಿರಲಿಲ್ಲ.

"ಸ್ವಚ್ಛ ಕೇಳಾಕತ್ತೈತಿ ತಂಗೆಮ್ಮ. ಆಂಟೆನಾ ಎದರ ಮ್ಯಾಲ ಇಟ್ಟೀರಿ?"

"ರೊಟ್ಟಿ ಹಂಚಿನ ಮ್ಯಾಲ್ರೀ."

"ಕಬ್ಬಿಣದ್ದೋ, ಮಣ್ಣಿಂದೋ?"

"ಕಬ್ಬಿಣದ್ದ್ರೀ."

"ಹಂಗಾದ್ರ ಸರಿ."

"ಅಲ್ಲಿ ಮಳಿ ಆತೇನು ಕೇಳವ್ವ," ಎಂದರು ಚಾಚಾ. ಕೇಳಿದೆ. ಇಲ್ಲ ಎಂದರು ಕರಿಬಸಯ್ಯ. ಬಸ್ಸಮ್ಮ ಪಕ್ಕದವಳಿಗೆ "ಇಲ್ಲಂತ" ಎಂದು ತಿಳಿಸಿದಳು, ಅವಳೂ ಅಲ್ಲೇ ಕೂತು ಕೇಳಿದ್ದರೂ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಅಣ್ಣ ಗಾಡಿ ಚಾಲೂ ಮಾಡಿದ. ಮಸ್ಕಿಯವರೆಗೆ ಅವನು ಯಾವ ಎಮ್ಮೆಗೂ ಏನೂ ಅನ್ನಲಿಲ್ಲ.

ಮಸ್ಕಿಯಲ್ಲಿ ಎಲ್ಲರೂ ಇಳಿದರು. ನಾನೂ ಇಳಿದು, ಸ್ಕ್ರೂ ಡ್ರೈವರ್ ಇಟ್ಟ ಡಬ್ಬಿಯ ಕಡೆ ನೋಡುತ್ತ ನಿಂತೆ. ಅಣ್ಣ ಚಹಾ ಕುಡಿದು ಬಂದು ಬಳಗಾನೂರು, ಸಿಂಧನೂರು ಎಂದು ಕೂಗಿದ. ಬ್ಯಾಗು ಹಿಡಿದ ಒಬ್ಬರು ಬಂದು ಮುಂದಿನ ಸೀಟಿಗೆ ಕಾಲಿಟ್ಟರು.

"ಹಿಂದ ಕುಂದರ್ರಿ," ಎಂದ ಅಣ್ಣ.

"ಇಲ್ಲಿ ಜಾಗ ಖಾಲಿ ಐತಲ್ಲೋ ಮಾರಾಯಾ."

"ಖಾಲಿ ಇಲ್ರಿ. ಅದು ನಮ್ಮ ತಂಗಿ ಆಫೀಸು."

ಅವರು ನನ್ನನ್ನು ಒಮ್ಮೆ, ಹಂಚನ್ನು ಒಮ್ಮೆ ನೋಡಿ ಹಿಂದೆ ಹೋಗಿ ಕೂತರು.