ಹೊಸ ಕಂಪ್ಯೂಟರಿಗೆ ಒಗ್ಗದ ಕೀಲಿ

ಸೋಮವಾರ ಬೆಳಿಗ್ಗೆ ಮೇಜಿನ ಖಾನೆ ತೆರೆಯಿತು. ಒಂದು ತಿಂಗಳಿಂದ ಕತ್ತಲಲ್ಲಿದ್ದ ನನಗೆ ಬೆಳಕು ಕಂಡು ಸಂತೋಷವೇ ಆಯಿತು. ಗುರುಪಾದಪ್ಪನವರು ದವಾಖಾನೆಯಿಂದ ಬಂದರು ಎಂದುಕೊಂಡೆ. ಆದರೆ ಒಳಗೆ ತಡಕಾಡಿದ್ದು ಅವರ ಹೆಂಡತಿ ದಾಕ್ಷಾಯಣಮ್ಮನವರ ಕೈ. ಹಿಂದಿನಿಂದ ನೆರೆಮನೆಯ ಹೆಂಗಸು, “ಯಾವುದಾದ್ರೂ ನಡೀತೈತಿ ಬಾರವ್ವಾ, ಹಾರ ಹಾಕಾಕ ಒಂದ್ ಫೋಟೋ ಸಿಕ್ರ ಸಾಕು” ಎಂದಳು. ಅಷ್ಟರಿಂದ ನನಗೆ ಎಲ್ಲವೂ ತಿಳಿಯಿತು.

ನಾನು ಒಂದು ಕೀಲಿ. ಬಾಗಿಲಿನ ಕೀಲಿಯಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಒಂದು ಬದಿಗೆ ಇಪ್ಪತ್ತೈದು ಸೂಜಿಗಳು, ಇನ್ನೊಂದು ಬದಿಗೆ ಇಪ್ಪತ್ತೈದು ತೂತುಗಳು. ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಅಚ್ಚಾದ ಪುಟವನ್ನು ಸ್ಕ್ಯಾನ್ ಮಾಡಿದರೆ ಅದರ ಅಕ್ಷರಗಳನ್ನು ಗುರುತಿಸಿ, ತಿದ್ದಲು ಬರುವಂಥ ಬರಹವಾಗಿ ಮಾಡಿಕೊಡುವ ಒಂದು ಕನ್ನಡ ತಂತ್ರಾಂಶವಿತ್ತು. ಅದನ್ನು ಯಾರೂ ಕದಿಯಬಾರದೆಂದು ನನ್ನನ್ನು ಮಾಡಿದರು. ಕಂಪ್ಯೂಟರಿನ ಬೆನ್ನಿಗೆ ನನ್ನನ್ನು ಸಿಕ್ಕಿಸಬೇಕು. ತಂತ್ರಾಂಶ “ಇದ್ದೀಯಾ?” ಎಂದು ಕೇಳುತ್ತದೆ. ನಾನು “ಇದ್ದೇನೆ” ಎಂದರೆ ಮಾತ್ರ ಅದು ತೆರೆಯುತ್ತದೆ. ನನ್ನ ಜೀವಮಾನದ ಕೆಲಸವೆಲ್ಲ ಆ ಒಂದು ಮಾತು.

ಮೊದಲು ರಾಣೇಬೆನ್ನೂರಿನ ಒಂದು ಮುದ್ರಣಾಲಯಕ್ಕೆ ಬಂದೆ. ಗುರುಪಾದಪ್ಪನವರು ಅಲ್ಲಿ ಮೂವತ್ತು ವರ್ಷ ಸೀಸದ ಅಚ್ಚುಮೊಳೆಗಳನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿದವರು. ಮುದ್ರಣಾಲಯ ಮುಚ್ಚಿದಾಗ ಮಾಲೀಕರು ಕಂಪ್ಯೂಟರನ್ನೂ ಸ್ಕ್ಯಾನರನ್ನೂ ಅವರಿಗೇ ಕೊಟ್ಟರು. ಬೆನ್ನಿಗೆ ಅಂಟಿಕೊಂಡಿದ್ದ ನಾನೂ ಅವರ ಮನೆ ಸೇರಿದೆ.

ದಾಕ್ಷಾಯಣಮ್ಮನವರ ಅಜ್ಜಿ ನೀಲವ್ವ ಅರವತ್ತಮೂರು ಪದ ಕಟ್ಟಿದ್ದಳು. ಅವು ಹಿಂದೆಂದೋ ಒಮ್ಮೆ ಅಚ್ಚಾಗಿ, ಉಳಿದದ್ದು ಒಂದೇ ಪ್ರತಿ. ಕಾಗದ ಹಪ್ಪಳದಂತೆ ಮುರಿಯುತ್ತಿತ್ತು. ಗುರುಪಾದಪ್ಪನವರು ಪುಟಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟರು. ಎತ್ತುವಾಗ ಬಹಳಷ್ಟು ಪುಡಿಯಾದವು. ದಿನವೂ ಲಿಂಗಪೂಜೆ ಮುಗಿಸಿ ಬಂದು ಕೂತು, ತಂತ್ರಾಂಶ ತಪ್ಪಾಗಿ ಓದಿದ್ದನ್ನೆಲ್ಲ ತಿದ್ದುತ್ತಿದ್ದರು. “ನಿಮ್ಮಜ್ಜಿ ಪುಸ್ತಕಾ ಕೈಯಾಗ ಕೊಟ್ಟ ಹೋಗ್ತೀನಿ ನೋಡು” ಎಂದು ಹೆಂಡತಿಗೆ ಹೇಳುವರು. ಆಕೆ, “ಹಿಂಗ ತಿದ್ದಕೋತ ಕುಂತ್ರ ನಾನೂ ಅಜ್ಜಿ ಹಂತೇಕ ಹೋಗ್ತೀನಿ” ಎಂದು ನಗುವರು.

ಒಂದು ಸಂಜೆ ಸಿಡಿಲಿಗೆ ಕಂಪ್ಯೂಟರಿನ ಬೋರ್ಡು ಸುಟ್ಟುಹೋಯಿತು. ಅವರು ನನ್ನನ್ನು ಬಿಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಖಾನೆಯಲ್ಲಿಟ್ಟರು. ಮರುವಾರ ಎದೆನೋವೆಂದು ದವಾಖಾನೆಗೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ದಾಕ್ಷಾಯಣಮ್ಮನವರಿಗೆ ಒಂದೇ ಹಂಬಲ. ಹನ್ನೊಂದನೆಯ ದಿನದ ಶಿವಗಣಾರಾಧನೆಯಲ್ಲಿ ಆ ಪದಗಳನ್ನು ಹಾಡಿಸಬೇಕು, ಗಂಡನ ದುಡಿಮೆ ನಾಲ್ಕು ಜನರ ಬಾಯಿಗೆ ಬರಬೇಕು. ಕಂಪ್ಯೂಟರ್ ಅಂಗಡಿಯಿಟ್ಟಿದ್ದ ಮೈದುನನ ಮಗ ವಿರುಪಾಕ್ಷಿ ಬಂದ. ಹಳೆಯ ಡಿಸ್ಕಿನಿಂದ ಕಡತಗಳನ್ನೆಲ್ಲ ಉಳಿಸಿ ತಾನು ತಂದ ಹೊಸ ಕಂಪ್ಯೂಟರಿಗೆ ಹಾಕಿದ. ತೆರೆದರೆ ಬರೀ ಚಿತ್ತಾರ. ಹಳೆಯ ತಂತ್ರಾಂಶವೇ ಬೇಕು, ಅದಕ್ಕೆ ನಾನು ಬೇಕು. ಹೊಸ ಕಂಪ್ಯೂಟರಿನ ಬೆನ್ನಿನಲ್ಲಿ ನನಗೆ ಜಾಗವೇ ಇಲ್ಲ!

ಅವನು ಹಳೆಯದನ್ನು ಹೊಸದಕ್ಕೆ ಜೋಡಿಸುವ ಒಂದು ತಂತಿ ತಂದ. ಅದರ ಮೂಲಕ ನನ್ನನ್ನು ಸಿಕ್ಕಿಸಿದ. ನಾನು ಕಿವಿಗೊಟ್ಟು ಕಾದೆ. ಯಾರೂ ಏನೂ ಕೇಳಲಿಲ್ಲ. ಪರದೆಯ ಮೇಲೆ ‘ಕೀಲಿ ಸಿಗಲಿಲ್ಲ’ ಎಂದು ಬಂತು. ಇಲ್ಲೇ ಇದ್ದೇನಲ್ಲಾ ಎಂದು ಒಳಗೇ ಕೂಗಿದೆ.

“ಆಪರೇಟಿಂಗ್ ಸಿಸ್ಟಂ ಹೊಸಾದು ದೊಡ್ಡವ್ವ. ಇದು ಅದರ ಮಾತು ಕೇಳಂಗಿಲ್ಲ, ಅದು ಇದರ ಮಾತು ಕೇಳಂಗಿಲ್ಲ. ತಂತ್ರಾಂಶ ಮಾಡಿದವ್ರೂ ಬಾಗ್ಲಾ ಹಾಕ್ಯಾರ.”

“ಹಂಗಾರ ಅಜ್ಜಿ ಪದಾ?”

ವಿರುಪಾಕ್ಷಿ ಚಪ್ಪಲಿ ಮೆಟ್ಟಿ ಹೊರಟ. ಮೂರು ದಿನ ಊರಲ್ಲೆಲ್ಲ ಹಳೆಯ ಕಂಪ್ಯೂಟರ್ ಹುಡುಕಿದ. ಎಲ್ಲರೂ ಗುಜರಿಗೆ ಹಾಕಿದ್ದರು. ನನಗೂ ಆ ಭಯ ಹತ್ತಿತು. ಅದಕ್ಕಿಂತ ದೊಡ್ಡ ಭಯ, ನಾನು ಹೋದರೆ ಆ ಪದಗಳೂ ನನ್ನ ಜೊತೆಗೇ ಹೋಗುತ್ತವೆಂಬುದು.

ಎಂಟನೆಯ ದಿನ ಅವನು ಓಡುತ್ತ ಬಂದ. ಹೆದ್ದಾರಿಯ ಬದಿಗೆ ಲಾರಿ ತೂಗುವ ಕಾಟಾದಲ್ಲಿ ಒಂದು ಹಳೆಯ ಯಂತ್ರವಿದೆಯಂತೆ. ದಾಕ್ಷಾಯಣಮ್ಮ ಸೆರಗು ಹೊದ್ದು ಎದ್ದರು. ನೆರೆಯವಳು, “ದಿನಾ ಮುಗದಿಲ್ಲ, ಕಾಟಾಕ್ಕ ಹೊಂಟೀಯಲ್ಲವ್ವಾ” ಎಂದಳು. “ಲಿಂಗಾ ಕಟ್ಟಿದವ್ರಿಗೆ ಸೂತಕ ಇಲ್ಲ ಅಂತ ಅವರ ಹೇಳ್ತಿದ್ರು” ಎಂದು ನನ್ನನ್ನು ಸಂಚಿಯಲ್ಲಿಟ್ಟುಕೊಂಡು ನಡೆದರು.

ಕಾಟಾದ ದಾದಾಪೀರ್ ಸಾಹೇಬರು ಐವತ್ತು ದಾಟಿದವರು. “ಹೊಸಾ ಕಂಪ್ಯೂಟರ್ ತಂದ್ರ ಕಾಟಾ ಮಾತಾಡಂಗಿಲ್ರಿ ಅಮ್ಮಾರ. ಅದಕ್ಕ ಈ ಮುದುಕನ್ನ ಸಾಕೀನಿ” ಎಂದು ಆ ಹಳೆಯ ಯಂತ್ರವನ್ನು ತಟ್ಟಿದರು. ಚೀಟಿ ಒತ್ತುವ ಪ್ರಿಂಟರಿನ ತಂತಿ ಕಿತ್ತು, ಆ ಜಾಗಕ್ಕೆ ನನ್ನನ್ನು ಸಿಕ್ಕಿಸಿ, ನನ್ನ ಬೆನ್ನಿಗೆ ಆ ತಂತಿ ಜೋಡಿಸಿದರು. ವಿರುಪಾಕ್ಷಿ ತಂತ್ರಾಂಶ ಹಾಕಿದ. ಪರದೆಯ ಮೇಲೆ ಮತ್ತೆ ಅದೇ: ‘ಕೀಲಿ ಸಿಗಲಿಲ್ಲ.’

ನನ್ನ ಎದೆ ಒಡೆಯಿತು. ನಾನೇ ಸತ್ತಿದ್ದೇನೆಯೆ? ಹೊರಗೆ ಮೆಕ್ಕೆಜೋಳದ ಲಾರಿಯವನು ಹಾರ್ನು ಒತ್ತಿ, “ಏ ಸಾಹೇಬ್ರ, ತೂಗ್ತೀರೋ ಇಲ್ಲೇ ಜ್ವಾಳಾ ಮೊಳಿಸ್ತೀರೋ?” ಎಂದು ಕೂಗಿದ.

ದಾದಾಪೀರ್ ನನ್ನನ್ನು ಕಿತ್ತು ಬೆಳಕಿಗೆ ಹಿಡಿದರು. “ಅಮ್ಮಾರ, ಇದಕ್ಕೂ ವಿಭೂತಿ ಹಚ್ಚೀರೇನ್ರಿ?”

ದಾಕ್ಷಾಯಣಮ್ಮ ಆ ಎಂಟು ದಿನದಲ್ಲಿ ಮೊದಲ ಸಲ ನಕ್ಕರು. “ನಮ್ಮನಿಯವರ್ರೀ. ಪ್ರತಿ ಆಯುಧಪೂಜಿಗೆ ಬಿಚ್ಚಿ, ಮೂರು ಬೆರಳು ಎಳೀತಿದ್ರು.” ನಗುತ್ತಲೇ ಕಣ್ಣು ತುಂಬಿತು.

ವರ್ಷವರ್ಷದ ಭಸ್ಮ ಸೂಜಿಗಳ ಬುಡದಲ್ಲಿ ಗಟ್ಟಿಯಾಗಿತ್ತು. ದಾದಾಪೀರ್ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರಾಗಿ ಉಜ್ಜಿದರು. ಉದುರಿದ್ದನ್ನು ನೆಲಕ್ಕೆ ಬೀಳಗೊಡದೆ ಒಂದು ತೂಕದ ಚೀಟಿಯಲ್ಲಿ ಹಿಡಿದು, ಮಡಚಿ ಆಕೆಯ ಕೈಗೆ ಕೊಟ್ಟರು. ಮತ್ತೆ ಸಿಕ್ಕಿಸಿದರು.

“ಇದ್ದೀಯಾ?”

“ಇದ್ದೇನೆ” ಎಂದೆ.

ಪ್ರಿಂಟರು ಕರ್ರ್ ಎಂದು ಒದರುತ್ತ, ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದದ ಮೇಲೆ ನೀಲವ್ವನ ಪದಗಳನ್ನು ಒತ್ತತೊಡಗಿತು. ನಡುನಡುವೆ ಲಾರಿಗಳ ತೂಕವೂ ನನ್ನ ಮೂಲಕವೇ ಹಾದುಹೋಯಿತು. ಅರವತ್ತು ಪದಗಳು ಹರಳಿನಂತೆ ಸ್ವಚ್ಛ. ಕೊನೆಯ ಮೂರರಲ್ಲಿ ಸಾಲುಸಾಲೂ ತಪ್ಪು. ಗುರುಪಾದಪ್ಪನವರ ಕೈ ಅಲ್ಲಿಗೆ ಮುಟ್ಟಿರಲಿಲ್ಲ. ದಾಕ್ಷಾಯಣಮ್ಮ ಪೆನ್ನು ಕೇಳಿ ಪಡೆದರು. ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದನ್ನು ಮೆಲ್ಲಗೆ ಗುನುಗುತ್ತ, ಆ ಮೂರನ್ನೂ ಅಲ್ಲೇ ಕೂತು ತಿದ್ದಿದರು. ಲಾರಿಯವನು ಹಾರ್ನು ಬಿಟ್ಟು ಕಿಟಕಿಗೆ ಬಂದು ನಿಂತಿದ್ದ.

ಆರಾಧನೆಯ ದಿನ ಹೆಂಗಸರು ಆ ಉದ್ದನೆಯ ಕಾಗದ ಬಿಡಿಸಿ ಹಿಡಿದು ಹಾಡಿದರಂತೆ. ವಿರುಪಾಕ್ಷಿ ಅವನ್ನೆಲ್ಲ ಹೊಸ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ್ದಾನೆ. ಅವಕ್ಕೆ ಇನ್ನು ಕೀಲಿ ಬೇಡ. ನಾನು ಕಾಟಾದ ಮುದುಕನ ಬೆನ್ನಿಗೇ ಉಳಿದಿದ್ದೇನೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅದರಲ್ಲಿ ದುಃಖವಿಲ್ಲ. ಮುಚ್ಚಿಡಲೆಂದೇ ಹುಟ್ಟಿದವನು ನಾನು. ಒಂದು ಜೀವದ ದುಡಿಮೆ ನನ್ನೊಳಗೆ ಸಿಕ್ಕಿ ಸಾಯಲಿಲ್ಲವೆಂಬುದೇ ನನ್ನ ಪುಣ್ಯ.

ಪರಶಿವನೇ, ಬಿಡಿಬಿಡಿ ಅಕ್ಷರಗಳನ್ನು ಆಯ್ದು ಜೋಡಿಸುತ್ತಲೇ ಆಯುಷ್ಯ ಕಳೆದ ಭಕ್ತರೊಬ್ಬರು ನಿನ್ನಲ್ಲಿಗೆ ಬಂದಿದ್ದಾರೆ. ಅವರ ಕಣ್ಣುಗಳು ಬಹಳ ದಣಿದಿವೆ. ಇನ್ನು ತಿದ್ದುವುದು ಏನೂ ಉಳಿದಿಲ್ಲವೆಂದು ಅವರಿಗೆ ತಿಳಿಸು. ಗುರುಪಾದಪ್ಪನವರ ಆತ್ಮವನ್ನು ನಿನ್ನ ಬಯಲಿನಲ್ಲಿ ನೆಮ್ಮದಿಯಾಗಿ ಇರಿಸಿಕೋ, ತಂದೆ.