ಓದಿ ಹೇಳದ ಪುಟ

ನಾಲ್ಕನೆಯ ಪುಟದ ಕೊನೆಯ ಸಾಲಿಗೆ ಬಂದಾಗ ಕಾರಿನಲ್ಲಿ ಕೂತಿದ್ದ ವಿಜಯ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದಳು. ಆರ್ಟೀಸಿಯಾದ ಭಾರತೀಯ ದಿನಸಿ ಅಂಗಡಿಯೊಳಗೆ ಮಗಳು ಸ್ಪಂದನಾ ಮೊದಲ ಕಟ್ಟನ್ನು ಇಟ್ಟು ಬಂದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಉಳಿದ ಕಟ್ಟುಗಳು ಕಾರಿನ ಹಿಂದಿನ ಸೀಟಿನಲ್ಲಿದ್ದವು.

'ವೀಸಾ ಪೇಪರ್ಸ್ ಇಲ್ಲದಿದ್ದರೂ ಹೆದರದೆ ಅಪ್ಪನಿಗೆ ಎಲ್ಲವನ್ನೂ ಹೇಳಿದ, ಈಗ ಸ್ಯಾನ್ ಡಿಯಾಗೋದಲ್ಲಿ ಅಡುಗೆ ಮಾಡುತ್ತಿರುವ ಈರಯ್ಯ ಅಂಕಲ್‌ಗೆ ನಮ್ಮ ಮನೆಯವರ ನಮಸ್ಕಾರ.'

"ಈ ಹೆಸರು ನಿಂಗೆಲ್ಲಿ ಸಿಕ್ತೇ?"

"ಅಪ್ಪನ ನೋಟ್‌ಬುಕ್‌ನಲ್ಲಿ. ಯಾಕಮ್ಮಾ? ಅದು ಅಪ್ಪನ ಬೆಸ್ಟ್ ಸ್ಟೋರಿ. ಅವರಿಗೆ ಥ್ಯಾಂಕ್ಸ್ ಹೇಳ್ಬೇಡ್ವಾ?" ಎಂದ ಸ್ಪಂದನಾ ತಾಯಿಯ ಮುಖ ನೋಡಿ ಪತ್ರಿಕೆಯತ್ತ ಬಾಗಿದಳು. ತಾನು ಬರೆದದ್ದೇನೆಂದು ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಓ ಗಾಡ್" ಎಂದು ಬಾಯಿ ಮುಚ್ಚಿಕೊಂಡಳು.

ನಾಲ್ಕನೆಯ ಪುಟದಲ್ಲಿದ್ದದ್ದು ಸ್ಪಂದನಾ ಬರೆದ ಅಪ್ಪನ ಶ್ರದ್ಧಾಂಜಲಿ. ವಿಜಯಳ ಗಂಡ ಇಂದುಶೇಖರ ತೀರಿಕೊಂಡು ಮೂರು ವಾರವಾಗಿತ್ತು. ಹಗಲು ವುಡ್‌ಲ್ಯಾಂಡ್ ಹಿಲ್ಸ್‌ನ ವಿಮಾ ಕಚೇರಿ, ಸಂಜೆ ಪತ್ರಿಕೆ. ಹೀಗೆ ಇಪ್ಪತ್ತಾರು ವರ್ಷ ಈ ನಾಲ್ಕು ಪುಟದ ಮಾಸಪತ್ರಿಕೆಯನ್ನು ಒಬ್ಬನೇ ಎಳೆದಿದ್ದ. ಮಗಳ ಈಜಿನ ಕ್ಲಾಸು ಮುಗಿಯುವತನಕ ಕಾರಿನಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದ. ಅವಳಿಗೆ ಕನ್ನಡ ಅಕ್ಷರ ಕಲಿಸಿದ್ದೂ ಆ ಹಾಳೆಗಳ ಮೇಲೆಯೇ. ಬರೆದದ್ದನ್ನು ಸಂಬಂಧಪಟ್ಟವರಿಗೆ ಫೋನಿನಲ್ಲಿ ಓದಿ ಹೇಳದೆ ಅಚ್ಚಿಗೆ ಕಳಿಸಬಾರದೆಂಬುದು ಅವನ ಹಟ. ಊಟದ ಹೊತ್ತಿಗೆ ಯಾರದೋ ಶ್ರದ್ಧಾಂಜಲಿ ಗಟ್ಟಿಯಾಗಿ ಕೇಳಿಬರುತ್ತಿತ್ತು. "ನಮ್ಮನೇಲಿ ಹೆಣ ಏಳದೆ ಸಾರು ಬಡಿಸೋ ಹಾಗಿಲ್ಲ" ಎಂದು ವಿಜಯ ಅಣಕಿಸಿದರೆ ಅವನು ಕೈಸನ್ನೆಯಲ್ಲೇ ಬೈದು ಓದು ಮುಂದುವರಿಸುತ್ತಿದ್ದ.

ಏಳು ವರ್ಷದ ಹಿಂದೆ, ಅಡುಗೆಯವರ ಪಾಸ್‌ಪೋರ್ಟುಗಳನ್ನು ಬೀಗ ಹಾಕಿಟ್ಟುಕೊಂಡು ದುಡಿಸುತ್ತಿದ್ದ ಒಬ್ಬ ಹೋಟೆಲ್ ಮಾಲೀಕನ ಬಗ್ಗೆ ಬರೆದಾಗಲೂ ಹೀಗೆಯೇ ಓದಿ ಹೇಳಿದ್ದ. ಅದರಲ್ಲಿ ಈರಯ್ಯ ಬರಿಯ 'ಒಬ್ಬ ಅಡುಗೆಯವನು'. ಹೆಸರು ಗೊತ್ತಿದ್ದದ್ದು ಇಂದುಶೇಖರನಿಗೆ, ಒಮ್ಮೆ ಈರಯ್ಯನಿಗೆ ಊಟ ಬಡಿಸಿದ್ದ ವಿಜಯಳಿಗೆ ಮಾತ್ರ. ಹೋಟೆಲ್ ಮುಚ್ಚಿತು. ಆದರೆ ಈರಯ್ಯನ ವೀಸಾ ಅಷ್ಟರಲ್ಲೇ ಮುಗಿದಿತ್ತು.

ಈಗ 2025ರ ಬೇಸಿಗೆ. ವಲಸೆ ಪೊಲೀಸರು ಯಾರನ್ನು ಎಲ್ಲಿ ಹಿಡಿದೊಯ್ಯುತ್ತಾರೋ ಎಂಬ ಭಯ ಊರಿಗೆಲ್ಲ ಹಬ್ಬಿತ್ತು. ಪೌರತ್ವ ಸಿಕ್ಕಿ ಹದಿನೆಂಟು ವರ್ಷವಾದ ವಿಜಯ ಕೂಡ ತರಕಾರಿಗೆ ಹೋಗುವಾಗ ಪಾಸ್‌ಪೋರ್ಟ್ ಒಯ್ಯುತ್ತಿದ್ದಳು.

"ನಿಂಗೆ ಓದಿ ಹೇಳ್ಲಾ ಅಂತ ಎರಡು ಸಲ ಕೇಳ್ದೆ ಅಮ್ಮಾ" ಎಂದು ಸ್ಪಂದನಾ ಅತ್ತಳು. ನಿಜವೇ. ಮಗಳ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ವಿಜಯಳೇ ಎರಡು ಸಲವೂ "ಬೇಡ, ನಂಗೆ ಕೇಳಕ್ಕಾಗಲ್ಲ" ಎಂದಿದ್ದಳು. ತಪ್ಪು ತನ್ನದೇ ಎನಿಸಿತು.

ಇಬ್ಬರೂ ಅಂಗಡಿಗೆ ಓಡಿದರು. ಐವತ್ತು ಪ್ರತಿಗಳ ಕಟ್ಟಿನಲ್ಲಿ ನಲವತ್ತೊಂಬತ್ತಿದ್ದವು. ಮತ್ತೆ ಎಣಿಸಿದರು, ನಲವತ್ತೊಂಬತ್ತೇ. ಶನಿವಾರದ ಗದ್ದಲದಲ್ಲಿ ಯಾರು ಒಯ್ದರೋ ನೋಡಲಿಲ್ಲ ಎಂದ ಗಲ್ಲಾದವನು. ವಿಜಯ ಸುತ್ತ ಕಣ್ಣಾಡಿಸಿದಳು. ಕೊತ್ತಂಬರಿ ಆರಿಸುವ ಹೆಂಗಸು, ಉಪ್ಪಿನಕಾಯಿ ಬಾಟಲಿ ಓದುತ್ತ ನಿಂತ ಟೋಪಿಯವನು, ಎಲ್ಲರೂ ತನ್ನನ್ನೇ ಗಮನಿಸುತ್ತಿದ್ದಾರೆ ಎನಿಸಿತು.

"ಎಲ್ಲಾನೂ ಎಸೆದುಬಿಡೋಣ" ಎಂದಳು ಸ್ಪಂದನಾ, ಕಟ್ಟನ್ನು ಎತ್ತಿಕೊಂಡು ಕಾರಿಗೆ ಮರಳಿದ ಮೇಲೆ.

"ಎಸೆದದ್ದನ್ನ ಯಾರಾದ್ರೂ ಎತ್ಕೊಂಡ್ರೆ? ಮಧ್ಯಾಹ್ನ ಶ್ರದ್ಧಾಂಜಲಿ ಸಭೇಲಿ ಎಲ್ರೂ ಪತ್ರಿಕೆ ಕೇಳ್ತಾರೆ. ಅದೂ ಅಲ್ದೆ ನಿಮ್ಮಪ್ಪನ ಕಡೇ ಸಂಚಿಕೆ ಕಣೇ ಇದು."

ಡ್ಯಾಶ್‌ಬೋರ್ಡಿನಲ್ಲಿ ಕಟ್ಟುಗಳ ಮೇಲೆ ಅಂಗಡಿ ಹೆಸರು ಬರೆಯಲು ಇಂದುಶೇಖರ ಇಟ್ಟಿದ್ದ ದಪ್ಪ ಮಾರ್ಕರುಗಳಿದ್ದವು. ತಾಯಿ ಮಗಳು ಒಂದೊಂದಾಗಿ ಪ್ರತಿ ತೆರೆದು ಆ ಸಾಲಿಗೆ ಮಸಿ ಬಳಿಯತೊಡಗಿದರು. ಬಳಿದದ್ದನ್ನು ಬಿಸಿಲಿಗೆ ಹಿಡಿದರೆ 'ಈ' ಅಕ್ಷರ ಇನ್ನೂ ಕಾಣುತ್ತಿತ್ತು. ಎರಡನೆಯ ಸಲ ಬಳಿದರು. ಬಿಳಿ ವ್ಯಾನೊಂದು ಪಕ್ಕಕ್ಕೆ ಬಂದು ನಿಂತಿತು. ವಿಜಯ ಸೆರಗಿನಡಿ ಪತ್ರಿಕೆ ಮುಚ್ಚಿಕೊಂಡಳು. ಅದರಿಂದಿಳಿದವನು ಅಕ್ಕಿ ಮೂಟೆಗಳನ್ನು ಅಂಗಡಿಗೆ ಹೊತ್ತ.

ಮುನ್ನೂರರಲ್ಲಿ ಇನ್ನೂರ ತೊಂಬತ್ತೊಂಬತ್ತು ಪ್ರತಿ ಮುಗಿದರೂ ಆ ಒಂದು ಪ್ರತಿ ಎಲ್ಲೋ ಇತ್ತು. ಗಂಡನ ನೋಟ್‌ಬುಕ್‌ನಲ್ಲಿದ್ದ ಈರಯ್ಯನ ನಂಬರಿಗೆ ವಿಜಯ ಫೋನ್ ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಆಗಲೇ ಕರೆದೊಯ್ದರೇ? ಮೂರನೆಯ ಸಲಕ್ಕೆ ಪಾತ್ರೆಗಳ ಸದ್ದಿನ ನಡುವೆ ದನಿ ಬಂತು.

"ಅಕ್ಕಾರ, ನೀವಾ? ಸಾಹೇಬ್ರ ಸುದ್ದಿ ಕೇಳಿ ಎದಿ ಒಡದಂಗಾತ್ರಿ. ಬರಾಕ ಆಗ್ಲಿಲ್ಲ. ದಾರ್ಯಾಗ ವೀಸಾ ಕೇಳೋ ಚೆಕ್‌ಪೋಸ್ಟ್ ಐತಲ್ರೀ."

ವಿಜಯ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಆ ಕಡೆ ನಲ್ಲಿ ನಿಂತಿತು.

"ಒಂದ ಹೋಗೇತಿ ಅನ್ರಿ."

"ಹೂಂ. ಯಾರು ತಗೊಂಡ್ರೋ ಗೊತ್ತಿಲ್ಲ. ನೀವು ಸ್ವಲ್ಪ ದಿನ ಬೇರೆ ಎಲ್ಲಾದ್ರೂ... ನಮ್ಮಿಂದ ಹೀಗಾಯ್ತು, ಈರಯ್ಯನೋರೆ."

"ಇವತ್ತ ಹೋಗ್ತೀನ್ರಿ. ಗೆಳ್ಯಾ ಒಬ್ಬಾಂವ ಅದಾನ." ವಿಜಯ ಬೈಗಳಿಗೆ ಸಿದ್ಧಳಾದಳು. "ಏನಂತ ಬರದಾಳ್ರೀ ಮಗಳು? ಓದಿ ಹೇಳ್ರಿ. ಸಾಹೇಬ್ರೂ ಅವತ್ತ ಓದಿ ಹೇಳಿದ್ರು. 'ನೋಡು, ನಿನ್ನ ಹೆಸರ ಎಲ್ಲೂ ಇಲ್ಲ' ಅಂತ ಎರಡ ಸಲ ಓದಿದ್ರು."

ವಿಜಯ ಮಸಿ ಆರದ ಒಂದು ಪ್ರತಿ ತೆಗೆದುಕೊಂಡಳು. ಗಂಡ ಹುಟ್ಟಿದ ಊರು, ಓದಿದ ಶಾಲೆ, ಈಜುಕೊಳದ ಹೊರಗೆ ಪ್ರೂಫ್ ತಿದ್ದುತ್ತಿದ್ದದ್ದು, ಮೂರು ವಾರ ಕೇಳಲಾರದೆ ಇದ್ದುದನ್ನೆಲ್ಲ ಗಟ್ಟಿಯಾಗಿ ಓದಿದಳು. ಕೊನೆಗೆ ಕಪ್ಪು ಪಟ್ಟಿ ಬಂತು. ಸ್ಪಂದನಾ ಕಿಟಕಿಯ ಗಾಜು ಏರಿಸಿದಳು. ವಿಜಯ ಅತ್ತಿತ್ತ ನೋಡಿ, ಫೋನನ್ನು ತುಟಿಯ ಹತ್ತಿರ ತಂದು, ಮಸಿಯ ಕೆಳಗಿದ್ದ ಸಾಲನ್ನು ಪಿಸುದನಿಯಲ್ಲಿ ಹೇಳಿದಳು, ಹೆಸರಿನ ಸಮೇತ.

"ಇನ್ನೊಂದ ಸಲ ಓದ್ರಿ, ಅಕ್ಕಾರ."

ವಿಜಯ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟಳು. ಬೆರಳಿಗೆ ಮಸಿ ಹತ್ತಿತು.