ಕೈ ಕಟ್ಟಿ ಕೂತ ಅರ್ಜುಮಂದ್

ಮಗು ಸುಮ್ಮನೆ ಕೂತರೆ ನಮ್ಮ ಕಡೆ ಶಾಣ್ಯಾ ಮಗು, ಜಾಣ ಮಗು ಎನ್ನುತ್ತಾರೆ. ಹಾಗೆ ನೋಡಿದರೆ ಮುಕ್ಕುಂದದ ಗೌಸಿಯಾಳ ಮಗಳು ಅರ್ಜುಮಂದ್ ಊರಿಗೇ ಶಾಣ್ಯಾ. ನಾಲ್ಕು ವರ್ಷದ ಹುಡುಗಿ, ಹೋದಲ್ಲಿ ಕೈ ಕಟ್ಟಿಕೊಂಡು ಕೂತರೆ ಎಬ್ಬಿಸುವವರೆಗೆ ಏಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ತಮ್ಮ ಮಕ್ಕಳ ಬೆನ್ನಿಗೆ ಒಂದು ಕೊಟ್ಟು, ಅವಳನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ಗೌಸಿಯಾಗೆ ಒಳಗೊಳಗೇ ಹಿಗ್ಗು.

ಈ ಶಾಣ್ಯಾತನ ತಾನಾಗಿ ಬಂದದ್ದಲ್ಲ. ಗೌಸಿಯಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇರುವುದೊಂದೇ ಖೋಲಿ. ಕಾಲಿಟ್ಟಲ್ಲಿ ಸೂಜಿ, ಕತ್ತರಿ, ಕಾದ ಇಸ್ತ್ರಿಪೆಟ್ಟಿಗೆ. ಮಂಚದ ಮೇಲೆ ಯಾರದೋ ಮದುವೆಯ ಜರಿ ಕುಪ್ಪಸ. ಒಂದು ಕಲೆ ಬಿದ್ದರೂ ಗಿರಾಕಿಯ ಬಾಯಿಗೆ ಸಿಗಬೇಕು. ಹಾಗಾಗಿ ಮಗಳು ಅಂಬೆಗಾಲಿಟ್ಟಾಗಿನಿಂದ ಕಲಿಸಿದ ಪಾಠ ಒಂದೇ: ಮುಟ್ಟಬೇಡ. ಮುಟ್ಟಿದರೆ ಅಂಗೈಗೆ ಮರದ ಸ್ಕೇಲಿನ ಏಟು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಸಣ್ಣದರಲ್ಲೇ ಬಗ್ಗಿಸಿದ್ದಳು. ತೀರಾ ಬಗ್ಗಿಸಿದ್ದಳು ಎಂಬುದು ಅವಳಿಗೆ ತಿಳಿದಿರಲಿಲ್ಲ, ಅಷ್ಟೇ.

ಈಚೆಗೆ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ. ಗಂಡ ಶಕೀಲ್ ಸಿಂಧನೂರಿನಲ್ಲಿ ಆಟೋ ಓಡಿಸುತ್ತಾನೆ. ಅಲ್ಲಿ ಟೈ ಕಟ್ಟಿದ ಮಕ್ಕಳು ಎಬಿಸಿಡಿ ಒದರುವುದನ್ನು ಕೇಳಿ ಬಂದವನು, ಅಂಗನವಾಡಿ ಬಿಡಿಸಿ ಮಗಳನ್ನು ಸೋಮವಾರದಿಂದ ಕಾನ್ವೆಂಟಿನ ವ್ಯಾನು ಹತ್ತಿಸೋಣ ಎಂದ. ಗೌಸಿಯಾಗೂ ಹೌದೆನಿಸಿತು. ಅಂಗನವಾಡಿಯಲ್ಲಿ ನೋಡಿದಾಗಲೆಲ್ಲ ಮಣ್ಣು, ಕಾಳು, ನೀರು. ಮಗಳಿಗೆ ಒಂದಕ್ಷರವೂ ಬರುತ್ತಿಲ್ಲ. ಆದರೂ ಅಷ್ಟು ಎಳೆಯ ಕೂಸನ್ನು ದಿನಾ ಅಷ್ಟು ದೂರ ಕಳಿಸುವುದು ಹೇಗೆ? ಈ ಯೋಚನೆಯಲ್ಲಿ ಮಿಶನ್ ತುಳಿದರೆ ದಾರ ಹರಿಯುತ್ತಿತ್ತು, ಬಿಚ್ಚಿ ಹೊಲಿದರೆ ಮತ್ತೆ ಹರಿಯುತ್ತಿತ್ತು. ಕೊನೆಗೆ ಶನಿವಾರ ಹೊಲಿಗೆ ಅರ್ಧಕ್ಕೆ ಬಿಟ್ಟು, ಮಗಳ ಹೆಸರು ತೆಗೆಸಿಬಿಡುತ್ತೇನೆಂದು ಎದ್ದು ಹೋದಳು.

ಅಂಗನವಾಡಿಯಲ್ಲಿ ಸಂತೆಯಷ್ಟು ಗದ್ದಲ. ಕೆಲವು ಮಕ್ಕಳು ಕಾಲುವೆಯ ಎರೆಮಣ್ಣಿನಲ್ಲಿ ಎತ್ತು ಮಾಡುತ್ತಿದ್ದವು. ಕೆಲವು ಪುಟ್ಟಿಯಲ್ಲಿ ಕಲೆಸಿಟ್ಟ ಕಡಲೆ, ಅವರೆ ಬೇರೆ ಮಾಡುತ್ತಿದ್ದವು. ಅರ್ಜುಮಂದ್ ಗೋಡೆಗೆ ಒರಗಿ ಕೈ ಕಟ್ಟಿಕೊಂಡು ಕೂತಿದ್ದಳು.

“ಬರೀ ಆಟ ಆಡಸ್ತೀರಿ. ಅಕ್ಷರ ಯಾವಾಗ ಕಲಸ್ತೀರಿ, ಟೀಚರ್?” ಎಂದು ಗೌಸಿಯಾ ಬಾಗಿಲಲ್ಲೇ ಶುರುಮಾಡಿದಳು.

ಜ್ಯೋತಿ ಟೀಚರ್ ಸಿಟ್ಟಾಗಲಿಲ್ಲ. ಮೊಟ್ಟೆ ಹಂಚುವ ಹೊತ್ತು, ಒಂದೀಟು ಕೂಡ್ರಿ ಅಕ್ಕಾ ಎಂದು ಚಾಪೆ ತೋರಿಸಿದಳು. ಮಕ್ಕಳೆಲ್ಲ ಕೈ ತೊಳೆದು ಬಂದು ಮೊಟ್ಟೆ ನೆಲಕ್ಕೆ ಬಡಿದು ಸುಲಿಯತೊಡಗಿದವು. ಅರ್ಜುಮಂದಳ ಮೊಟ್ಟೆ ತಟ್ಟೆಯಲ್ಲಿ ಇದ್ದ ಹಾಗೇ ಇತ್ತು. ಹುಡುಗಿ ಅದನ್ನೇ ನೋಡುತ್ತಿದ್ದಳು, ಉಗುಳು ನುಂಗುತ್ತಿದ್ದಳು. ಕೈ ಮಾತ್ರ ಮುಂದೆ ಬರಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು:

“ಅಮ್ಮೀ, ಮುಟ್ಲಾ?”

ಗೌಸಿಯಾ ಮಗಳ ಪಕ್ಕಕ್ಕೆ ಸರಿದಳು. ಹಸಿದ ಕೂಸು ತನ್ನ ತಟ್ಟೆಯ ಮೊಟ್ಟೆ ಮುಟ್ಟಲು ತಾಯಿಯ ಅಪ್ಪಣೆ ಕೇಳುತ್ತಿದೆ. ಮುಟ್ಟು ಬೇಟಿ, ನಿನ್ನದೇ ಅದು ಎಂದಳು. ಅರ್ಜುಮಂದ್ ಮೊಟ್ಟೆ ಹಿಡಿದಳು. ಬೆರಳಿಗೆ ಸಿಪ್ಪೆ ಬಿಡಿಸಲು ಬರಲಿಲ್ಲ. ಅವಳಿಗಿಂತ ಸಣ್ಣ ಹುಡುಗನೊಬ್ಬ ಅಷ್ಟರಲ್ಲಿ ತಿಂದು ಬಾಯಿ ಒರೆಸಿಕೊಂಡಿದ್ದ.

“ಬಂದಾಗಿಂದ ಹಿಂಗ ರೀ,” ಎಂದಳು ಜ್ಯೋತಿ. “ನಾವ ಸುಲದು ಕೊಡಾಕತ್ತೀವಿ. ಕೈಗೆ ಕಸುವು ಬರದಿದ್ರ ಪೆನ್ಸಿಲ್ ಹೆಂಗ ಹಿಡೀತಾಳ? ಅಕ್ಕಾ, ನೀವು ಕತ್ತರಿ ಹಿಡಿಯಾಕ ಹೆಂಗ ಕಲ್ತ್ರಿ?”

ಗೌಸಿಯಾಗೆ ತಾನು ಕಲಿತ ದಿನಗಳು ನೆನಪಾದವು. ಹೊಲಿಗೆ ಕಲಿಸಿದ ಸಿಂಧನೂರಿನ ಮೌಲಾಹುಸೇನ ಉಸ್ತಾದರು ಅವಳಿಗೆ ಮೊದಲು ಬಟ್ಟೆ ಕೊಟ್ಟಿರಲಿಲ್ಲ, ಚಿಂದಿ ಕೊಟ್ಟಿದ್ದರು. ಬೇಕಾದ ಹಾಗೆ ಕತ್ತರಿಸು, ಕೆಡಿಸು, ಕೈ ಪಳಗಲಿ ಎಂದಿದ್ದರು. ಮಗಳಿಗೆ ತಾನು ಒಂದು ಚಿಂದಿಯನ್ನೂ ಕೊಟ್ಟಿರಲಿಲ್ಲ. ಈ ಮಣ್ಣು, ಕಾಳುಗಳೇ ಮಕ್ಕಳ ಚಿಂದಿ ಎಂದು ಅವಳಿಗೆ ಹೊಳೆಯಿತು. ಕಾಳು ಬೇರೆ ಮಾಡುವಾಗ ಲೆಕ್ಕ ಬರುತ್ತದೆ, ಮಣ್ಣು ಕಲಸುವಾಗ ಬೆರಳಿಗೆ ಬಲ ಬರುತ್ತದೆ, ಇದೇನು ಅದೇನು ಎಂದು ಕೇಳುತ್ತಾ ಮಾತು ಬರುತ್ತದೆ ಎಂದು ಜ್ಯೋತಿ ಬಿಡಿಸಿ ಹೇಳಿದಳು. ಹೆಸರು ತೆಗೆಸುವ ಮಾತು ಗೌಸಿಯಾಳ ಬಾಯಲ್ಲೇ ಉಳಿಯಿತು.

ಶಕೀಲ್ ಸುಲಭಕ್ಕೆ ಒಪ್ಪಲಿಲ್ಲ. ಮಣ್ಣಾಡಿ ಯಾರು ಸಾಹೇಬರಾಗಿದ್ದಾರೆ ಎಂದು ಕೂಗಾಡಿ, ಕೊನೆಗೆ ದೀಪಾವಳಿಯವರೆಗೆ ನೋಡುತ್ತೇನೆ ಎಂದ. ಗೌಸಿಯಾ ಸೂಜಿ, ಕತ್ತರಿ, ಇಸ್ತ್ರಿಯನ್ನು ಅಟ್ಟಕ್ಕೇರಿಸಿ, ಮೂಲೆಯಲ್ಲಿ ಮಗಳಿಗೆ ಚಿಂದಿ, ಗುಂಡಿ, ರೊಟ್ಟಿ ಹಿಟ್ಟು ಕೊಟ್ಟು ಕೂರಿಸಿದಳು. ಗುಂಡಿ ಬಾಯಿಗೆ ಹಾಕಿಕೊಂಡಾಳೆಂದು ಎದುರಿಗೇ ಕೂತಳು. ಮೊದಮೊದಲು ಹುಡುಗಿ ಸ್ಕೇಲಿನ ಕಡೆ ನೋಡುತ್ತಿದ್ದಳು. ಗೌಸಿಯಾ ಅದನ್ನು ಒಲೆಗೆ ಹಾಕಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಶಕೀಲ್ ಅಂಗಳದಲ್ಲಿ ಆಟೋದ ಬೋಲ್ಟು, ನಟ್ಟು ಬಿಚ್ಚಿ ಹರಡಿದ್ದ. ಅರ್ಜುಮಂದ್ ಹೋಗಿ ಪಕ್ಕದಲ್ಲಿ ಕೂತಳು. ಕೇಳಲಿಲ್ಲ, ಕೈ ಹಾಕಿದಳು. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ ಇಟ್ಟಳು. ಅಪ್ಪ ತಪ್ಪು ನಟ್ಟು ತಿರುಗಿಸುತ್ತಿದ್ದುದನ್ನು ನೋಡಿ ಅವನ ಕೈಯಿಂದ ಕಿತ್ತುಕೊಂಡಳು.

“ಅಬ್ಬಾಜಾನ್, ಇದು ಇದಕ್ಕ ಕೂಡಂಗಿಲ್ಲ. ಇದು ತಗೋ.”

ಶಕೀಲ್ ಅವಳು ಕೊಟ್ಟದ್ದನ್ನು ತಿರುಗಿಸಿದ. ಕೂತಿತು. ಗಟ್ಟಿ ಮನುಷ್ಯ, ಆದರೆ ಕಣ್ಣು ಒದ್ದೆಯಾದವು. ಮರುದಿನ ತಾನೇ ಹೋಗಿ ವ್ಯಾನಿನವನಿಗೆ ಬೇಡ ಎಂದು ಹೇಳಿ ಬಂದ.

ಈಗ ಆ ಮನೆಯಲ್ಲಿ ಒಂದು ಗಳಿಗೆ ನೆಮ್ಮದಿಯಿಲ್ಲ. ಹುಡುಗಿ ಡಬ್ಬಿ ತೆರೆಯುತ್ತಾಳೆ, ನೀರು ಚೆಲ್ಲುತ್ತಾಳೆ, ಯಾಕೆ ಯಾಕೆ ಎಂದು ತಲೆ ತಿನ್ನುತ್ತಾಳೆ. ಅರ್ಜುಮಂದ್ ಈಗ ಶಾಣ್ಯಾ ಅಲ್ಲ ಎಂದು ಓಣಿಯವರ ದೂರು. ಗೌಸಿಯಾ ನಕ್ಕು ಮಿಶನ್ ತುಳಿಯುತ್ತಾಳೆ.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಮೂರರಿಂದ ಆರು ವರ್ಷದ ಮಗು ಇದ್ದರೆ ದಿನಾ ಅಂಗನವಾಡಿಗೆ ಕಳಿಸಿರಿ. ಒಂದು ದಿನ ನೀವೂ ಹೋಗಿ ಚಾಪೆಯ ಮೇಲೆ ಕೂತು ನೋಡಿರಿ. ಅಪಾಯದ ವಸ್ತು ಎತ್ತರಕ್ಕಿಡಿರಿ, ಉಳಿದದ್ದನ್ನು ಮಗುವಿನ ಕೈಗೆ ಕೊಡಿರಿ, ಕಾಳು ಗುಂಡಿ ಕೊಟ್ಟಾಗ ಎದುರಿಗಿರಿ. ಮಗು ಮನೆಗೆ ಬಂದಾಗ ಏನು ಬರೆದೆ ಎಂದು ಕೇಳುವ ಮೊದಲು ಏನು ಆಡಿದೆ ಎಂದು ಕೇಳಿರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗು ತಟ್ಟೆಗೆ ಕೈ ಹಾಕುವ ಮೊದಲು ನಿಮ್ಮ ಮುಖ ನೋಡುತ್ತದೆಯೇ, ಗಮನಿಸಿರಿ. ನೋಡಿದರೆ ನಾಳೆಯೇ ಅಂಗನವಾಡಿಗೆ ಹೊರಡಿರಿ.